376 ಮಂದಿಯ ಹಡಗಿಗೆ 2,100 ಮಂದಿ: ಅಮೆರಿಕದ ಉಗಿ ಹಡಗುಗಳ ದುರಂತ ಕಥೆ

ಟೈಟಾನಿಕ್ ಹಡಗಿನ ಕಥೆ ಗೊತ್ತಿಲ್ಲದವರು ಕಡಿಮೆ. 1997ರಲ್ಲಿ ಸಿನಿಮಾ ಬಂದ ಮೇಲಂತೂ ಹಳ್ಳಿಯ ಮಕ್ಕಳಿಗೂ ಆ ಹೆಸರು ಬಾಯಿಪಾಠವಾಯಿತು. ಆದರೆ ಅಮೆರಿಕದ ಇತಿಹಾಸದಲ್ಲೇ ಅತಿ ದೊಡ್ಡ ಹಡಗು ದುರಂತ ಯಾವುದು ಎಂದು ಕೇಳಿ ನೋಡಿ. ಅಮೆರಿಕದವರಲ್ಲೇ ಬಹಳ ಮಂದಿಗೆ ಉತ್ತರ ಹೊಳೆಯುವುದಿಲ್ಲ. ಅದು ನಡೆದದ್ದು ಸಮುದ್ರದಲ್ಲಲ್ಲ, ನದಿಯಲ್ಲಿ. ಅಲ್ಲಿ ಮಂಜುಗಡ್ಡೆಯೂ ಇರಲಿಲ್ಲ, ಬಿರುಗಾಳಿಯೂ ಇರಲಿಲ್ಲ. ಇದ್ದದ್ದು ತೇಪೆ ಹಾಕಿದ ಒಂದು ಬಾಯ್ಲರ್ ಮತ್ತು ತಲೆ ಎಣಿಸಿ ದುಡ್ಡು ಮಾಡುವ ಆಸೆ. ಆ ಹಡಗಿನ ಹೆಸರು 'ಸುಲ್ತಾನಾ'.

ಸುಲ್ತಾನಾದ ಕಥೆ ಅರ್ಥವಾಗಬೇಕಾದರೆ ಉಗಿ ಹಡಗು ಹೇಗೆ ಬಂತು, ಅದು ಏಕೆ ಸಿಡಿಯುತ್ತಿತ್ತು ಎಂಬುದನ್ನು ಮೊದಲು ತಿಳಿಯಬೇಕು.

ನದಿಯೇ ಹೆದ್ದಾರಿ

1807ರ ಆಗಸ್ಟ್ 17ರಂದು ರಾಬರ್ಟ್ ಫುಲ್ಟನ್ ಎಂಬಾತ ನ್ಯೂಯಾರ್ಕ್‌ನಿಂದ ಆಲ್ಬನಿ ಪಟ್ಟಣಕ್ಕೆ ಹಡ್ಸನ್ ನದಿಯಲ್ಲಿ ತನ್ನ ಉಗಿ ಹಡಗನ್ನು ಹೊರಡಿಸಿದ. ಸುಮಾರು 240 ಕಿಲೋಮೀಟರ್ ದಾರಿ. ಹಾಯಿ ಹಡಗುಗಳು ಗಾಳಿ ಕಾಯುತ್ತಾ ದಿನಗಟ್ಟಲೆ ತೆಗೆದುಕೊಳ್ಳುತ್ತಿದ್ದ ಈ ಪ್ರಯಾಣವನ್ನು ಫುಲ್ಟನ್‌ನ ಹಡಗು 32 ಗಂಟೆಗಳ ಓಟದಲ್ಲಿ ಮುಗಿಸಿತು. ಅದಕ್ಕೂ ಮೊದಲು ಉಗಿಯಿಂದ ಹಡಗು ನಡೆಸಿದವರು ಇದ್ದರು. ಆದರೆ ಅದರಿಂದ ವ್ಯಾಪಾರ ನಡೆಸಬಹುದು ಎಂದು ತೋರಿಸಿಕೊಟ್ಟವನು ಫುಲ್ಟನ್.

ಆಗ ಅಮೆರಿಕದಲ್ಲಿ ರೈಲು ಇರಲಿಲ್ಲ, ಒಳ್ಳೆಯ ರಸ್ತೆಯೂ ಇರಲಿಲ್ಲ. ಮಿಸಿಸಿಪಿ, ಒಹಾಯೊ ಮುಂತಾದ ದೊಡ್ಡ ನದಿಗಳೇ ಹೆದ್ದಾರಿಗಳು. ಪ್ರವಾಹದ ಜೊತೆ ಕೆಳಗೆ ಇಳಿಯುವುದು ಸುಲಭ, ಎದುರು ಹೋಗುವುದು ಕಷ್ಟ. ಸರಕು ತುಂಬಿದ ದೋಣಿಯನ್ನು ಕೋಲು ಊರಿ, ಹಗ್ಗ ಎಳೆದು ಮೇಲಕ್ಕೆ ತರಲು ತಿಂಗಳುಗಳೇ ಬೇಕಾಗುತ್ತಿದ್ದವು. ಉಗಿ ಹಡಗು ಈ ಕಷ್ಟವನ್ನು ನೀಗಿಸಿತು. 'ನ್ಯೂ ಆರ್ಲಿಯನ್ಸ್' ಎಂಬ ಹಡಗು 1811ರಲ್ಲಿ ಪಿಟ್ಸ್‌ಬರ್ಗ್‌ನಿಂದ ಹೊರಟು 1812ರ ಜನವರಿಯಲ್ಲಿ ತನ್ನದೇ ಹೆಸರಿನ ಊರನ್ನು ತಲುಪಿತು. ಆಮೇಲೆ ಹತ್ತಿ, ಸಕ್ಕರೆ, ಕಾಳುಕಡ್ಡಿ, ದನಕರು, ಜನ ಎಲ್ಲವೂ ಉಗಿ ಹಡಗಿನಲ್ಲೇ.

'ಟಾಮ್ ಸಾಯರ್' ಬರೆದ ಮಾರ್ಕ್ ಟ್ವೈನ್ ಕೂಡ ಮೊದಲು ಮಿಸಿಸಿಪಿಯಲ್ಲಿ ಹಡಗಿನ ಪೈಲಟ್ ಆಗಿದ್ದವರು. ನೀರಿನ ಆಳ 12 ಅಡಿ ಇದೆ, ಹಡಗಿಗೆ ಭಯವಿಲ್ಲ ಎಂದು ಕೂಗಿ ಹೇಳುವಾಗ ಹಡಗಿನವರು ಬಳಸುತ್ತಿದ್ದ ಮಾತು 'ಮಾರ್ಕ್ ಟ್ವೈನ್'. ಅದನ್ನೇ ಅವರು ತಮ್ಮ ಕಾವ್ಯನಾಮ ಮಾಡಿಕೊಂಡರು. ಅವರ ತಮ್ಮ ಹೆನ್ರಿ 1858ರ ಜೂನ್‌ನಲ್ಲಿ 'ಪೆನ್ಸಿಲ್ವೇನಿಯಾ' ಎಂಬ ಹಡಗಿನ ಬಾಯ್ಲರ್ ಸಿಡಿದು ಸುಟ್ಟ ಗಾಯಗಳಿಂದ ತೀರಿಕೊಂಡ. ಆತನನ್ನು ಆ ಹಡಗಿನ ಕೆಲಸಕ್ಕೆ ಸೇರಿಸಿದ್ದು ತಾನೇ ಎಂಬ ಕೊರಗು ಟ್ವೈನ್ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಬಾಯ್ಲರ್ ಏಕೆ ಸಿಡಿಯುತ್ತಿತ್ತು?

ಮನೆಯ ಪ್ರೆಶರ್ ಕುಕ್ಕರ್ ನೆನಪು ಮಾಡಿಕೊಳ್ಳಿ. ಮುಚ್ಚಳ ಬಿಗಿದು ಬೆಂಕಿ ಕೊಟ್ಟರೆ ಒಳಗೆ ಹಬೆ ತುಂಬುತ್ತದೆ. ಒತ್ತಡ ಹೆಚ್ಚಾದಾಗ ವಿಷಲ್ ಎದ್ದು ಹಬೆ ಹೊರಬರುತ್ತದೆ. ಆ ವಿಷಲ್ ಮೇಲೆ ಕಲ್ಲು ಇಟ್ಟರೆ? ಉಗಿ ಹಡಗಿನ ಬಾಯ್ಲರ್‌ಗೂ ಇಂತಹದೇ ಒಂದು ಸುರಕ್ಷಾ ವಾಲ್ವ್ ಇರುತ್ತಿತ್ತು. ಎದುರಾಳಿ ಹಡಗಿಗಿಂತ ಬೇಗ ಹೋಗಬೇಕೆಂಬ ಹಟದಲ್ಲಿ ಕೆಲವರು ಆ ವಾಲ್ವ್ ಮೇಲೆ ಭಾರ ಹೇರುತ್ತಿದ್ದರು, ಕಟ್ಟಿಯೂ ಬಿಡುತ್ತಿದ್ದರು.

ಎರಡನೆಯ ಕಾರಣ ಕೆಸರು. ಬಚ್ಚಲಿನ ಹಂಡೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಲ್ಲ, ಪೊರೆ ದಪ್ಪವಾದಷ್ಟೂ ನೀರು ಕಾಯುವುದು ನಿಧಾನ. ಮಿಸಿಸಿಪಿಯ ನೀರು ಮಣ್ಣಿನ ಬಣ್ಣದ್ದು. ಆ ನೀರನ್ನೇ ಬಾಯ್ಲರ್‌ಗೆ ತುಂಬುತ್ತಿದ್ದರು. ಕೆಸರು ಒಳಗೆ ಕುಳಿತು ಗಟ್ಟಿಯಾದರೆ ಬೆಂಕಿಯ ಶಾಖ ನೀರಿಗೆ ಹೋಗದೆ ಕಬ್ಬಿಣದಲ್ಲೇ ನಿಲ್ಲುತ್ತದೆ. ಕಬ್ಬಿಣ ಕೆಂಪಾಗಿ ಮೆತ್ತಗಾಗುತ್ತದೆ.

ಮೂರನೆಯದು ನೀರಿನ ಮಟ್ಟ. ಬಾಯ್ಲರ್‌ನಲ್ಲಿ ನೀರು ಕಡಿಮೆಯಾದರೆ ಬೆಂಕಿ ತಾಗುವ ಕಬ್ಬಿಣದ ಹಾಳೆ ಒಣಗುತ್ತದೆ, ಕಾದು ಬಲ ಕಳೆದುಕೊಳ್ಳುತ್ತದೆ. ಒಂದು ಕಡೆ ಬಿರುಕು ಬಿಟ್ಟರೆ ಸಾಕು, ಒತ್ತಡದಲ್ಲಿ ಕುದಿಯುತ್ತಿದ್ದ ನೀರು ಒಮ್ಮೆಲೇ ಹಬೆಯಾಗಿ ಉಬ್ಬುತ್ತದೆ. ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1,600 ಲೀಟರ್ ಜಾಗ ಬೇಡುತ್ತದೆ. ಬಾಯ್ಲರ್ ಒಡೆಯುವುದು ಬಾಂಬ್ ಒಡೆದಂತೆ ಕೇಳಿಸುವುದು ಇದರಿಂದಲೇ.

ಮಿಸಿಸಿಪಿ, ಒಹಾಯೊ ನದಿಗಳ ಹಡಗುಗಳಲ್ಲಿ ಹಗುರವಾದ, ಹೆಚ್ಚು ಒತ್ತಡದ ಎಂಜಿನ್‌ಗಳನ್ನೇ ಬಳಸುತ್ತಿದ್ದರು. ನದಿ ಆಳ ಕಡಿಮೆ, ಹಡಗು ಹಗುರವಾಗಿರಬೇಕು, ಖರ್ಚೂ ಕಡಿಮೆಯಾಗಬೇಕು. ಅದರ ಜೊತೆಗೆ ಅಪಾಯವೂ ಬಂತು.

ಸಾವಿನ ಬೆನ್ನ ಹಿಂದೆ ಕಾನೂನು

1838ರ ಏಪ್ರಿಲ್ 25ರಂದು ಸಿನ್ಸಿನಾಟಿ ಬಳಿ 'ಮೊಸೆಲ್' ಎಂಬ ಹೊಚ್ಚ ಹೊಸ ಹಡಗಿನ ಬಾಯ್ಲರ್‌ಗಳು ಸಿಡಿದವು. ನೂರಕ್ಕೂ ಹೆಚ್ಚು ಮಂದಿ ಸತ್ತರು. ಜೂನ್‌ನಲ್ಲಿ ಉತ್ತರ ಕೆರೊಲಿನಾ ಕರಾವಳಿಯಾಚೆ 'ಪುಲಾಸ್ಕಿ' ಎಂಬ ಹಡಗು ಹೀಗೆಯೇ ಸಿಡಿಯಿತು. ಅದೇ ವರ್ಷದ ಜುಲೈನಲ್ಲಿ ಅಮೆರಿಕ ಸರ್ಕಾರ ಮೊದಲ ಬಾರಿಗೆ ಹಡಗು ಮತ್ತು ಬಾಯ್ಲರ್ ತಪಾಸಣೆಯ ಕಾನೂನು ತಂದಿತು. ಬಾಯ್ಲರ್ ಏಕೆ ಸಿಡಿಯುತ್ತದೆ ಎಂದು ಪ್ರಯೋಗ ಮಾಡಿ ನೋಡಲು ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ಗೆ ಅದಕ್ಕೂ ಮೊದಲೇ ಸರ್ಕಾರ ಹಣ ಕೊಟ್ಟಿತ್ತು.

ಆದರೆ 1838ರ ಕಾನೂನಿಗೆ ಹಲ್ಲಿರಲಿಲ್ಲ. ಹಡಗುಗಳು ಸಿಡಿಯುತ್ತಲೇ ಇದ್ದವು. 1852ರಲ್ಲಿ ಬಿಗಿಯಾದ ಕಾನೂನು ಬಂತು. ಬಾಯ್ಲರ್‌ಗೆ ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸಬೇಕು, ಪೈಲಟ್ ಮತ್ತು ಎಂಜಿನಿಯರ್‌ಗಳು ಲೈಸೆನ್ಸ್ ಪಡೆಯಬೇಕು, ಎಲ್ಲದರ ಮೇಲೂ ಸರ್ಕಾರಿ ತಪಾಸಣಾಧಿಕಾರಿಗಳು ಇರಬೇಕು ಎಂದಾಯಿತು. ಹೀಗೆ ಕಾನೂನು ಇತ್ತು, ಅಧಿಕಾರಿಗಳೂ ಇದ್ದರು. ಸುಲ್ತಾನಾ ದುರಂತ ನಡೆದದ್ದು ಇವೆಲ್ಲ ಬಂದ 13 ವರ್ಷಗಳ ಮೇಲೆ.

ಮನೆಗೆ ಹೊರಟ ಸೈನಿಕರು

ಸುಲ್ತಾನಾ 1863ರಲ್ಲಿ ಸಿನ್ಸಿನಾಟಿಯಲ್ಲಿ ಕಟ್ಟಿದ ಮರದ ಹಡಗು. 260 ಅಡಿ ಉದ್ದ, ನಾಲ್ಕು ಬಾಯ್ಲರ್. ಕಾನೂನಿನ ಪ್ರಕಾರ 376 ಪ್ರಯಾಣಿಕರಿಗೆ ಮಾತ್ರ ಅವಕಾಶ.

1865ರ ಏಪ್ರಿಲ್. ನಾಲ್ಕು ವರ್ಷಗಳ ಅಂತರ್ಯುದ್ಧ ಮುಗಿಯುತ್ತಾ ಬಂದಿತ್ತು. ದಕ್ಷಿಣದವರ ಸೆರೆಶಿಬಿರಗಳಾದ ಆಂಡರ್ಸನ್‌ವಿಲ್ ಮತ್ತು ಕಹಾಬಾದಿಂದ ಬಿಡುಗಡೆಯಾದ ಉತ್ತರದ ಸೈನಿಕರನ್ನು ಮಿಸಿಸಿಪಿ ದಂಡೆಯ ವಿಕ್ಸ್‌ಬರ್ಗ್‌ಗೆ ತಂದು ಸೇರಿಸಿದ್ದರು. ಹಲವರು ಎಲುಬಿನ ಹಂದರವಾಗಿದ್ದರು, ಕೆಲವರಿಗೆ ನಡೆಯಲೂ ಆಗುತ್ತಿರಲಿಲ್ಲ. ಎಲ್ಲರಿಗೂ ಇದ್ದದ್ದು ಒಂದೇ ಆಸೆ, ಬೇಗ ಮನೆ ಸೇರಬೇಕು.

ಅವರನ್ನು ಊರಿಗೆ ಸಾಗಿಸುವ ಹಡಗುಗಳಿಗೆ ಸರ್ಕಾರ ತಲೆ ಲೆಕ್ಕದಲ್ಲಿ ಬಾಡಿಗೆ ಕೊಡುತ್ತಿತ್ತು. ಹೆಚ್ಚು ತಲೆ, ಹೆಚ್ಚು ಹಣ. ಸುಲ್ತಾನಾದ ಕಪ್ತಾನ ಮೇಸನ್ ಹಡಗಿನ ಪಾಲುದಾರನೂ ಆಗಿದ್ದ, ಹಣದ ಅಡಚಣೆಯಲ್ಲೂ ಇದ್ದ. ನ್ಯೂ ಆರ್ಲಿಯನ್ಸ್‌ನಿಂದ ವಿಕ್ಸ್‌ಬರ್ಗ್‌ಗೆ ಬರುವಾಗಲೇ ಒಂದು ಬಾಯ್ಲರ್ ಸೋರತೊಡಗಿತ್ತು. ನೋಡಲು ಬಂದ ಬಾಯ್ಲರ್ ಕೆಲಸಗಾರ, ಉಬ್ಬಿದ ಹಾಳೆಗಳನ್ನು ತೆಗೆದು ಹೊಸದು ಹಾಕಬೇಕು ಎಂದ. ಅದಕ್ಕೆ ಕೆಲವು ದಿನ ಬೇಕು. ಅಷ್ಟರಲ್ಲಿ ಸೈನಿಕರು ಬೇರೆ ಹಡಗು ಹತ್ತಿ ಹೋದರೆ? ಮೇಸನ್ ತೇಪೆ ಹಾಕಿಸಿದ. ಹಾಕಿದ ತೇಪೆಯ ಹಾಳೆ ಬಾಯ್ಲರ್‌ನ ಮೂಲ ಹಾಳೆಗಿಂತ ತೆಳು.

ಏಪ್ರಿಲ್ 24ರಂದು ಸೈನಿಕರನ್ನು ಹತ್ತಿಸುತ್ತಲೇ ಹೋದರು. ಧಕ್ಕೆಯಲ್ಲಿ ಬೇರೆ ಹಡಗು ಖಾಲಿ ನಿಂತಿದ್ದರೂ ಎಲ್ಲರನ್ನೂ ಸುಲ್ತಾನಾಕ್ಕೇ ತುಂಬಿದರು. ಸೈನ್ಯದ ಸಾಗಣೆ ಅಧಿಕಾರಿಗಳಿಗೆ ಲಂಚ ಸಂದಿದೆ ಎಂಬ ಅನುಮಾನ ಆಗಲೇ ಎದ್ದಿತ್ತು. ಹಡಗು ಬಿಟ್ಟಾಗ ಅದರಲ್ಲಿ ಇದ್ದವರು 2,100ಕ್ಕೂ ಹೆಚ್ಚು. ಭಾರಕ್ಕೆ ಮೇಲಿನ ಅಟ್ಟ ಬಾಗತೊಡಗಿದಾಗ ಕೆಳಗಿನಿಂದ ಮರದ ಕಂಬ ಕೊಟ್ಟು ನಿಲ್ಲಿಸಿದರು.

ಏಪ್ರಿಲ್ 26ರ ಬೆಳಗ್ಗೆ ಹೆಲೆನಾ ಎಂಬ ಊರಿನಲ್ಲಿ ಹಡಗು ನಿಂತಾಗ ಒಬ್ಬ ಛಾಯಾಗ್ರಾಹಕ ಅದರ ಚಿತ್ರ ತೆಗೆದ. ಚಿತ್ರದಲ್ಲಿ ಬೀಳಬೇಕೆಂದು ಸೈನಿಕರೆಲ್ಲ ಒಂದೇ ಬದಿಗೆ ನುಗ್ಗಿದರು. ಹಡಗು ಮಗುಚುವಷ್ಟು ವಾಲಿತು. ಆ ಚಿತ್ರ ಇಂದಿಗೂ ಉಳಿದಿದೆ. ಕಾಲಿಡಲು ಜಾಗವಿಲ್ಲದಂತೆ ನಿಂತಿರುವ ಜನರನ್ನು ಅದರಲ್ಲಿ ನೋಡಬಹುದು. ಅವರಲ್ಲಿ ಹೆಚ್ಚಿನವರ ಆಯುಸ್ಸು ಇನ್ನೊಂದು ದಿನವೂ ಇರಲಿಲ್ಲ.

ರಾತ್ರಿ ಎರಡು ಗಂಟೆ

ಆ ಸಂಜೆ ಮೆಂಫಿಸ್‌ನಲ್ಲಿ ತಳದಲ್ಲಿದ್ದ ಸಕ್ಕರೆಯ ಸರಕನ್ನು ಇಳಿಸಿದರು. ಇದರಿಂದ ಹಡಗಿನ ತಳ ಹಗುರವಾಯಿತು, ಮೇಲೆ ಮಾತ್ರ ಭಾರ ಉಳಿಯಿತು. ಹಿಮ ಕರಗಿ ನದಿ ತುಂಬಿ ಹರಿಯುತ್ತಿತ್ತು. ಪ್ರವಾಹದ ಎದುರು ಹೋಗುವಾಗ ಎಂಜಿನ್ ಬಲವಾಗಿ ದುಡಿಯಲೇಬೇಕು. ಹಡಗು ಒಂದು ಬದಿಗೆ ವಾಲಿದಾಗಲೆಲ್ಲ ಒಂದಕ್ಕೊಂದು ಜೋಡಿಸಿದ್ದ ಬಾಯ್ಲರ್‌ಗಳಲ್ಲಿ ಎತ್ತರದ ಬದಿಯ ನೀರು ತಗ್ಗಿನ ಬದಿಗೆ ಹರಿಯುತ್ತದೆ. ಎತ್ತರದಲ್ಲಿರುವುದು ಒಣಗಿ ಕಾಯುತ್ತದೆ. ಹಡಗು ನೆಟ್ಟಗಾದಾಗ ಕಾದ ಕಬ್ಬಿಣದ ಮೇಲೆ ನೀರು ಬೀಳುತ್ತದೆ. ಕೆಸರು, ತೆಳು ತೇಪೆ, ವಾಲಾಟ ಎಲ್ಲವೂ ಸೇರಿ ದುರಂತಕ್ಕೆ ಕಾರಣವಾಗಿರಬೇಕು ಎಂಬುದು ಇದನ್ನು ಅಧ್ಯಯನ ಮಾಡಿದವರ ಅಭಿಪ್ರಾಯ.

ಏಪ್ರಿಲ್ 27ರ ನಸುಕಿನ ಎರಡು ಗಂಟೆಗೆ, ಮೆಂಫಿಸ್‌ನಿಂದ ಸುಮಾರು 11 ಕಿಲೋಮೀಟರ್ ಮೇಲೆ, ಒಂದರ ಹಿಂದೆ ಒಂದರಂತೆ ಮೂರು ಬಾಯ್ಲರ್‌ಗಳು ಸಿಡಿದವು. ಮಲಗಿದ್ದವರು ಮಲಗಿದಂತೆಯೇ ಗಾಳಿಗೆ ಎಸೆಯಲ್ಪಟ್ಟರು. ಹೊಗೆ ಕೊಳವೆಗಳು ಜನರ ಮೇಲೆ ಕುಸಿದವು. ಬೆಂಕಿ ಹತ್ತಿತು. ಉಳಿದವರ ಮುಂದೆ ಇದ್ದದ್ದು ಎರಡೇ ದಾರಿ, ಬೆಂಕಿ ಅಥವಾ ತಣ್ಣಗೆ ಕೊರೆಯುವ ನೀರು. ಈಜು ಬಾರದವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಗುಂಪುಗುಂಪಾಗಿ ಮುಳುಗಿದರು. ಹಡಗಿನ ಸಿಬ್ಬಂದಿ ಪೆಟ್ಟಿಗೆಯಲ್ಲಿ ಒಂದು ಮೊಸಳೆ ಸಾಕಿದ್ದರು. ಒಬ್ಬ ಸೈನಿಕ ಅದನ್ನು ಬಂದೂಕಿನ ಈಟಿಯಿಂದ ಕೊಂದು, ಆ ಮರದ ಪೆಟ್ಟಿಗೆಯನ್ನೇ ಹಿಡಿದು ತೇಲಿ ಜೀವ ಉಳಿಸಿಕೊಂಡ.

ಇಲ್ಲಿ ಮರೆಯಬಾರದ ಒಂದು ಸಂಗತಿ ಇದೆ. ನದಿಯ ಪಶ್ಚಿಮ ದಂಡೆ ಅರ್ಕನ್ಸಾ ರಾಜ್ಯ. ಅಲ್ಲಿಯವರು ನಾಲ್ಕು ವರ್ಷ ಇದೇ ಉತ್ತರದ ಸೈನಿಕರ ವಿರುದ್ಧ ಹೋರಾಡಿದ್ದ ದಕ್ಷಿಣದ ಪಕ್ಷದವರು. ಆ ರಾತ್ರಿ ಅವರೇ ದೋಣಿ, ಮರದ ತೆಪ್ಪ ಹಾಕಿ, ಮರಗಳ ಕೊಂಬೆ ಹಿಡಿದು ನೇತಾಡುತ್ತಿದ್ದವರನ್ನು ದಡ ಸೇರಿಸಿದರು. ನಿನ್ನೆಯ ಶತ್ರು ಯಾರು ಎಂದು ಆ ಹೊತ್ತಿನಲ್ಲಿ ಯಾರೂ ಕೇಳಲಿಲ್ಲ.

ಸತ್ತವರ ನಿಖರ ಲೆಕ್ಕ ಇಂದಿಗೂ ಇಲ್ಲ. ಹಡಗು ಹತ್ತಿದವರ ಪೂರ್ಣ ಪಟ್ಟಿಯನ್ನೇ ಮಾಡಿರಲಿಲ್ಲ. ಹಳೆಯ ಸರ್ಕಾರಿ ಲೆಕ್ಕ 1,500ಕ್ಕೂ ಹೆಚ್ಚು ಎನ್ನುತ್ತದೆ. ಹೆಸರು ಹೆಸರಾಗಿ ಪರಿಶೀಲಿಸಿದ ಈಚಿನ ಸಂಶೋಧಕರು ಸುಮಾರು 1,170 ಎನ್ನುತ್ತಾರೆ. ಕಪ್ತಾನ ಮೇಸನ್ ಕೂಡ ಬದುಕಲಿಲ್ಲ.

ಇಷ್ಟು ದೊಡ್ಡ ಸುದ್ದಿ ಏಕೆ ಮುಚ್ಚಿಹೋಯಿತು? ಅಧ್ಯಕ್ಷ ಲಿಂಕನ್ ಅವರ ಕೊಲೆಯಾಗಿ ಇನ್ನೂ ಎರಡು ವಾರ ಆಗಿರಲಿಲ್ಲ. ಕೊಲೆಗಾರ ಬೂತ್ ಗುಂಡೇಟಿಗೆ ಸತ್ತದ್ದು ಏಪ್ರಿಲ್ 26ರಂದು, ಅಂದರೆ ಸುಲ್ತಾನಾ ಸಿಡಿಯುವ ಹಿಂದಿನ ದಿನ. ಪತ್ರಿಕೆಗಳ ಪುಟ ಅದಕ್ಕೇ ಸಾಲಲಿಲ್ಲ. ಯುದ್ಧದಲ್ಲಿ ಲಕ್ಷಗಟ್ಟಲೆ ಸಾವು ನೋಡಿದ್ದ ದೇಶಕ್ಕೆ ಇನ್ನೊಂದು ಸಾವಿರ ದೊಡ್ಡದಾಗಿ ಕಾಣಲಿಲ್ಲ.

ಶಿಕ್ಷೆ ಯಾರಿಗಾಯಿತು? ಯಾರಿಗೂ ಇಲ್ಲ. ಸೈನಿಕರನ್ನು ಹತ್ತಿಸುವ ಹೊಣೆ ಹೊತ್ತಿದ್ದ ಕ್ಯಾಪ್ಟನ್ ಸ್ಪೀಡ್ ಎಂಬ ಒಬ್ಬ ಅಧಿಕಾರಿಯನ್ನು ಸೇನಾ ನ್ಯಾಯಾಲಯ ತಪ್ಪಿತಸ್ಥ ಎಂದಿತು. ಮೇಲಿನವರು ಆ ತೀರ್ಪನ್ನೂ ರದ್ದು ಮಾಡಿದರು. 1871ರ ಹೊಸ ಕಾನೂನು ತಪಾಸಣಾ ಇಲಾಖೆಯನ್ನು ಬಲಪಡಿಸಿ, ಕಪ್ತಾನರಿಗೂ ಲೈಸೆನ್ಸ್ ಕಡ್ಡಾಯ ಮಾಡಿತು.

ನದಿ ಕಾಲಕ್ರಮದಲ್ಲಿ ತನ್ನ ಪಾತ್ರ ಬದಲಿಸಿತು. 1982ರಲ್ಲಿ ಹುಡುಕಿದಾಗ ಸುಲ್ತಾನಾದ್ದೆಂದು ನಂಬಲಾದ ಅವಶೇಷಗಳು ಸಿಕ್ಕಿದ್ದು ನೀರಿನಲ್ಲಲ್ಲ, ಅರ್ಕನ್ಸಾದ ಸೋಯಾಬೀನ್ ಹೊಲದ ಅಡಿಯಲ್ಲಿ.

ಕೊಳೆತ ಕಾರ್ಕ್, ಹರಿದ ಪೈಪು

ಕಾನೂನು ಬಲವಾದ ಮೇಲಾದರೂ ನಿಂತಿತೇ? 1904ರ ಜೂನ್ 15ರಂದು ನ್ಯೂಯಾರ್ಕ್‌ನಲ್ಲಿ ಜರ್ಮನ್ ಮೂಲದ ಕುಟುಂಬಗಳು ತಮ್ಮ ಚರ್ಚಿನ ವಾರ್ಷಿಕ ವಿಹಾರಕ್ಕೆ 'ಜನರಲ್ ಸ್ಲೋಕಂ' ಎಂಬ ಉಗಿ ಹಡಗನ್ನು ಬಾಡಿಗೆಗೆ ಹಿಡಿದರು. ಅಂದು ಬುಧವಾರ. ಗಂಡಸರು ಕೆಲಸಕ್ಕೆ ಹೋಗಿದ್ದರಿಂದ ಹಡಗಿನಲ್ಲಿ ಇದ್ದವರು ಬಹುತೇಕ ಹೆಂಗಸರು, ಮಕ್ಕಳು. ಹೊರಟ ಸ್ವಲ್ಪ ಹೊತ್ತಿಗೇ ಮುಂಭಾಗದ ಕೋಣೆಯಲ್ಲಿ ಬೆಂಕಿ ಕಾಣಿಸಿತು.

ಬೆಂಕಿ ಆರಿಸುವ ಪೈಪಿಗೆ ನೀರು ಬಿಟ್ಟರೆ ಅದು ಕೊಳೆತು ಹರಿಯಿತು. ಲೈಫ್ ಬೋಟ್‌ಗಳನ್ನು ಇದ್ದಲ್ಲಿಂದ ಬಿಡಿಸಲಾಗಲಿಲ್ಲ. ಲೈಫ್ ಜಾಕೆಟ್‌ಗಳು 13 ವರ್ಷ ಹಳೆಯವು, ಒಳಗಿನ ಕಾರ್ಕ್ ಪುಡಿಯಾಗಿತ್ತು. ಮಕ್ಕಳಿಗೆ ಅದನ್ನು ತೊಡಿಸಿ ನೀರಿಗೆ ಇಳಿಸಿದ ತಾಯಂದಿರು ಮಕ್ಕಳು ಕಲ್ಲಿನಂತೆ ಮುಳುಗುವುದನ್ನು ಕಣ್ಣಾರೆ ಕಂಡರು. 1,021 ಮಂದಿ ಸತ್ತರು. ವಿಚಿತ್ರವೆಂದರೆ, ಸುಮಾರು ಒಂದು ತಿಂಗಳ ಹಿಂದಷ್ಟೇ ಸರ್ಕಾರಿ ತಪಾಸಣಾಧಿಕಾರಿ ಈ ಹಡಗಿನಲ್ಲಿ ಎಲ್ಲವೂ ಸರಿ ಇದೆ ಎಂದು ಬರೆದುಕೊಟ್ಟಿದ್ದ.

ಆಮೇಲೆ ಪರಿಶೀಲನೆ ಬಿಗಿಯಾದಾಗ ಇನ್ನೊಂದು ಮೋಸ ಹೊರಬಿತ್ತು. ಕಾನೂನು ಹೇಳಿದ ತೂಕ ತೋರಿಸಲು ಲೈಫ್ ಜಾಕೆಟ್‌ನ ಕಾರ್ಕ್ ಒಳಗೆ ಕಬ್ಬಿಣದ ಸರಳು ತೂರಿಸಿ ಮಾರಲಾಗುತ್ತಿತ್ತು! ಜೈಲಿಗೆ ಹೋದವನು ಕಪ್ತಾನ ವಾನ್ ಶಾಯ್ಕ್ ಒಬ್ಬನೇ. ಅವನನ್ನೂ 1911ರಲ್ಲಿ ಪೆರೋಲ್ ಮೇಲೆ ಬಿಟ್ಟು, 1912ರಲ್ಲಿ ಕ್ಷಮಾದಾನ ನೀಡಲಾಯಿತು. ಹಡಗಿನ ಮಾಲೀಕರು ಸಣ್ಣ ದಂಡ ಕಟ್ಟಿ ಪಾರಾದರು.

ಲೈಫ್ ಬೋಟ್ ಭಾರಕ್ಕೆ ಮಗುಚಿದ ಹಡಗು

1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿ ಎಲ್ಲರಿಗೂ ಸಾಲುವಷ್ಟು ಲೈಫ್ ಬೋಟ್ ಇರಲಿಲ್ಲ. ಆ ಪಾಠದಿಂದ ಅಮೆರಿಕ 1915ರ ಮಾರ್ಚ್‌ನಲ್ಲಿ ಹಡಗುಗಳಲ್ಲಿ ಲೈಫ್ ಬೋಟ್ ಹೆಚ್ಚಿಸುವ ಕಾನೂನು ಮಾಡಿತು. ಶಿಕಾಗೊದ 'ಈಸ್ಟ್‌ಲ್ಯಾಂಡ್' ಎಂಬ ಹಡಗಿನ ಮಾಲೀಕರೂ ಮೇಲಿನ ಅಟ್ಟದಲ್ಲಿ ಇನ್ನಷ್ಟು ಬೋಟು, ತೆಪ್ಪಗಳನ್ನು ಹೇರಿದರು. ಆದರೆ ಆ ಹಡಗಿಗೆ ಮೊದಲಿನಿಂದಲೂ ಮೇಲ್ಭಾರ ಜಾಸ್ತಿ. 1904ರಲ್ಲೇ ಒಮ್ಮೆ ಅಪಾಯವಾಗುವಷ್ಟು ವಾಲಿತ್ತು. ಹೊಸ ಭಾರ ಹಾಕಿದ ಮೇಲೆ ಹಡಗು ನೆಟ್ಟಗೆ ನಿಲ್ಲುತ್ತದೆಯೇ ಎಂದು ಯಾರೂ ಪರೀಕ್ಷಿಸಲಿಲ್ಲ.

1915ರ ಜುಲೈ 24ರ ಬೆಳಗ್ಗೆ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯ ಕಾರ್ಮಿಕರು ಮನೆಮಂದಿಯೊಂದಿಗೆ ವಿಹಾರಕ್ಕೆಂದು 2,500ಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹಡಗು ಹತ್ತಿದರು. ಹಡಗು ಇನ್ನೂ ಧಕ್ಕೆ ಬಿಟ್ಟಿರಲಿಲ್ಲ. ಏಳೂವರೆಯ ಹೊತ್ತಿಗೆ ನಿಧಾನವಾಗಿ ವಾಲಿ, ಪಕ್ಕಕ್ಕೆ ಮಲಗಿಬಿಟ್ಟಿತು. ನೀರಿನ ಆಳ ಬರೀ 20 ಅಡಿ. ದಡ ಕೈಗೆಟುಕುವಷ್ಟು ಹತ್ತಿರ. ಆದರೂ 844 ಮಂದಿ ಸತ್ತರು, ಒಳಗಿದ್ದವರಿಗೆ ಹೊರಬರಲು ದಾರಿಯೇ ಇರಲಿಲ್ಲ. 22 ಕುಟುಂಬಗಳಲ್ಲಿ ಒಬ್ಬರೂ ಉಳಿಯಲಿಲ್ಲ. 20 ವರ್ಷ ನಡೆದ ವ್ಯಾಜ್ಯದ ಕೊನೆಗೆ ತಪ್ಪು ಹೊರಿಸಿದ್ದು ಹಡಗಿನ ಎಂಜಿನಿಯರ್ ಮೇಲೆ. ಆತ ಅಷ್ಟರಲ್ಲಿ ತೀರಿಕೊಂಡಿದ್ದ.

ನಮಗೇಕೆ ಈ ಕಥೆ?

ಈ ಮೂರು ಹಡಗುಗಳ ಕಥೆ ಒಟ್ಟಿಗೆ ಓದಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಸುಲ್ತಾನಾದಲ್ಲಿ ಮಿತಿ ಇತ್ತು, ಪಾಲಿಸಲಿಲ್ಲ. ಸ್ಲೋಕಂನಲ್ಲಿ ತಪಾಸಣೆ ನಡೆಯಿತು, ಆದರೆ ಅದು ಕಾಗದದ ಮೇಲೆ. ಈಸ್ಟ್‌ಲ್ಯಾಂಡ್‌ನಲ್ಲಿ ನಿಯಮ ಪಾಲಿಸಿದರು, ಅದರ ಉದ್ದೇಶವನ್ನು ಯೋಚಿಸಲಿಲ್ಲ. ಕಾನೂನಿನ ಒಂದೊಂದು ಸಾಲಿನ ಹಿಂದೆಯೂ ಸತ್ತವರ ಪಟ್ಟಿ ಇದೆ.

ಇದು ದೂರದ ದೇಶದ ಹಳೆಯ ಕಥೆ ಎಂದು ಬಿಟ್ಟುಬಿಡುವಂತಿಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿ ದೋಣಿ ಮಗುಚಿ 45 ಮಂದಿ ಸತ್ತರು. ದಡದಲ್ಲಿ ಕಂಡ ಕಾಡುಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದದ್ದು ಅಂದು ಚರ್ಚೆಯಾಗಿತ್ತು. ಹೆಲೆನಾದಲ್ಲಿ ಸುಲ್ತಾನಾ ವಾಲಿದ್ದೂ ಹೀಗೆಯೇ ಅಲ್ಲವೇ? 2023ರ ಮೇ 7ರಂದು ತಾನೂರಿನಲ್ಲಿ ಮಿತಿ ಮೀರಿ ಜನ ತುಂಬಿದ ದೋಣಿ ಮುಳುಗಿ 22 ಮಂದಿ ಜೀವ ಬಿಟ್ಟರು.

ಹೊಳೆ ದಾಟುವ ದೋಣಿ ಇರಲಿ, ಹಿನ್ನೀರಿನ ಪ್ರವಾಸಿ ಬೋಟ್ ಇರಲಿ, ಹತ್ತುವ ಮುನ್ನ ಮೂರು ವಿಷಯ ನೋಡಿ. ಎಷ್ಟು ಜನರಿಗೆ ಪರವಾನಗಿ ಎಂದು ಬರೆದಿದೆಯೇ? ಪ್ರತಿಯೊಬ್ಬರಿಗೂ, ಮಕ್ಕಳ ಅಳತೆಯದೂ ಸೇರಿ, ಲೈಫ್ ಜಾಕೆಟ್ ಇದೆಯೇ? ಇದ್ದರೆ ಅದು ಹರಿಯದೆ ಗಟ್ಟಿಯಾಗಿದೆಯೇ? ಒಳಗೆ ಹೋದ ಮೇಲೆ ಫೋಟೊಕ್ಕೆಂದು ಎಲ್ಲರೂ ಒಂದೇ ಬದಿಗೆ ಸೇರಬೇಡಿ.

"ಇನ್ನೊಬ್ಬರು ಹತ್ತಿದರೆ ಏನಾಗುತ್ತದೆ, ಬನ್ನಿ" ಎಂದು ದೋಣಿಯವನು ಕರೆದಾಗ ಮುಂದಿನ ದೋಣಿಗೆ ಕಾಯುವುದು ನಾಚಿಕೆಯ ವಿಷಯವಲ್ಲ. ವಿಕ್ಸ್‌ಬರ್ಗ್ ಧಕ್ಕೆಯಲ್ಲಿ ಅಂದು ಖಾಲಿ ಹಡಗೂ ಇತ್ತು.